ಕಪಾಟಿನೊಳಗಿನ ಅಣಬೆ: ಹೆತ್ತವರು ತಿಳಿದಿರಬೇಕಾದ ಸಂಗತಿ

ಕಳೆದ ಮಳೆಗಾಲದ ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ದವಾಖಾನೆಗೆ ಬಂದಾಗ ಒಬ್ಬ ತಾಯಿ ನನಗಾಗಿ ಕಾಯುತ್ತಿದ್ದರು. ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದರು. ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಿಳಿ ಬೂಸಲು, ಅದರ ಮೇಲೆ ಕಂದು ಟೊಪ್ಪಿಯ ಸಣ್ಣ ಸಣ್ಣ ಅಣಬೆಗಳು.

"ಡಾಕ್ಟರ್ ಸಾಬ್, ಮಗನ ಕಪಾಟಿನಲ್ಲಿ ಸಿಕ್ಕಿತು. ಕೇಳಿದರೆ ಕಾಲೇಜಿನ ಪ್ರಾಜೆಕ್ಟ್ ಅಂತಾನೆ. ನಾಲ್ಕು ದಿನದಿಂದ ರಾತ್ರಿ ಲೈಟ್ ಆರಿಸೋಕೆ ಬಿಡ್ತಿಲ್ಲ, ಫಜ್ರ್‌ಗೂ ಏಳ್ತಿಲ್ಲ. ಗಿಡಮೂಲಿಕೆ ಬಲ್ಲವರು ನೀವು, ಇದೇನು ಅಂತ ಹೇಳಿ."

ಮರುದಿನ ಮಗನನ್ನೂ ಕರೆತಂದರು. ತಾಯಿಯನ್ನು ಹೊರಗೆ ಕೂರಿಸಿ ಅವನೊಬ್ಬನ ಜೊತೆ ಮಾತನಾಡಿದೆ. ಇಂಜಿನಿಯರಿಂಗ್ ಓದುವ ಹುಡುಗ. ಎರಡು ವಿಷಯಗಳಲ್ಲಿ ಫೇಲಾಗಿದ್ದ. ತಿಂಗಳುಗಳಿಂದ ನಿದ್ದೆಯಿಲ್ಲ, ಊಟ ರುಚಿಸುತ್ತಿಲ್ಲ. ಈ ಅಣಬೆ ಮನಸ್ಸಿನ ಭಾರ ಇಳಿಸುತ್ತದೆ ಎಂದು ಮೊಬೈಲ್‌ನಲ್ಲಿ ನೋಡಿ ತಾನೇ ಬೆಳೆಸಿದ್ದ. ಒಂದು ರಾತ್ರಿ ತಿಂದಿದ್ದ. ಗೋಡೆಗಳು ಉಸಿರಾಡಿದಂತೆ ಕಂಡವು, ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಅನ್ನಿಸಿತು. ಬೆಳಗಾಗುವ ತನಕ ಬಾತ್‌ರೂಮಿನ ಚಿಲಕ ಹಾಕಿಕೊಂಡು ಕುಳಿತಿದ್ದ. ಆ ಭಯ ಇನ್ನೂ ಹೋಗಿರಲಿಲ್ಲ.

ಆ ತಾಯಿ ಮತ್ತು ಮಗನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯ ಕಪಾಟಿನಲ್ಲೂ ಇಂಥದೊಂದು ಡಬ್ಬಿ ಸಿಕ್ಕರೆ ಏನು ಮಾಡಬೇಕೆಂದು ನಿಮಗೆ ಗೊತ್ತಿರಲಿ ಎಂಬುದೇ ಉದ್ದೇಶ.

ಇದು ಯಾವ ಅಣಬೆ?

'ಮ್ಯಾಜಿಕ್ ಮಶ್ರೂಮ್' ಎಂದು ಕರೆಯುವ ಈ ಅಣಬೆಗಳಲ್ಲಿ ಸೈಲೋಸಿಬಿನ್ ಎಂಬ ಪದಾರ್ಥವಿದೆ. 1958ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಇದನ್ನು ಮೆಕ್ಸಿಕೋದ ಅಣಬೆಯಿಂದ ಬೇರ್ಪಡಿಸಿದರು. ಹೊಟ್ಟೆಗೆ ಹೋದ ಮೇಲೆ ಇದು ಸೈಲೋಸಿನ್ ಆಗಿ ಬದಲಾಗಿ ಮೆದುಳಿನಲ್ಲಿ ಸೆರೊಟೋನಿನ್ ಕೆಲಸ ಮಾಡುವ ಜಾಗಗಳನ್ನು ಹಿಡಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಪರಿಣಾಮ ಶುರುವಾಗಿ ನಾಲ್ಕರಿಂದ ಆರು ಗಂಟೆ ಇರುತ್ತದೆ. ಇಲ್ಲದ್ದು ಕಾಣುತ್ತದೆ, ಸಮಯದ ಅರಿವು ತಪ್ಪುತ್ತದೆ. ಕೆಲವರಿಗೆ ನಗು ಬಂದರೆ ಕೆಲವರಿಗೆ ಪ್ರಾಣಭಯ ಹಿಡಿಯುತ್ತದೆ. ಯಾರಿಗೆ ಏನಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ.

ಒಂದು ಸತ್ಯವನ್ನೂ ಹೇಳಬೇಕು. ಮದ್ಯ ಅಥವಾ ಅಫೀಮಿನಂತೆ ದೇಹ ಇದಕ್ಕೆ ದಾಸನಾಗುವುದು ಕಡಿಮೆ. ಮಕ್ಕಳಿಗೆ ಇದು ಗೊತ್ತಿರುತ್ತದೆ. ನೀವು "ಒಮ್ಮೆ ತಿಂದರೆ ಮುಗಿಯಿತು, ಚಟ ಬಿಡುವುದಿಲ್ಲ" ಎಂದರೆ ನಿಮ್ಮ ಉಳಿದ ಮಾತನ್ನೂ ಅವರು ನಂಬುವುದಿಲ್ಲ. ಇದರ ಅಪಾಯ ಬೇರೆ ಕಡೆ ಇದೆ.

'ನೈಸರ್ಗಿಕ' ಎಂಬ ಭ್ರಮೆ

"ಇದು ಕೆಮಿಕಲ್ ಅಲ್ಲ ಸರ್, ನೈಸರ್ಗಿಕ. ನೀವೂ ಗಿಡಮೂಲಿಕೆಯನ್ನೇ ಅಲ್ಲವೇ ಕೊಡುವುದು?" ಎಂದ ಆ ಹುಡುಗ.

ಯುನಾನಿ ವೈದ್ಯರು ಈ ಮಾತಿಗೆ ಉತ್ತರ ಕೊಡಲೇಬೇಕು. ನಮ್ಮ ಔಷಧಿಗಳಲ್ಲಿ ಕುಚಲಾ ಇದೆ. ಕನ್ನಡದಲ್ಲಿ ಕಾಸರಕ ಎನ್ನುತ್ತಾರೆ. ಶುದ್ಧಿ ಮಾಡದೆ ಯಾವ ಹಕೀಮರೂ ಅದನ್ನು ರೋಗಿಗೆ ಕೊಡುವುದಿಲ್ಲ, ಏಕೆಂದರೆ ಅದು ವಿಷ. ದತ್ತೂರಿಯೂ ಅಫೀಮೂ ಮಣ್ಣಿನಲ್ಲೇ ಬೆಳೆದವು. ಮೂಲಿಕೆ ಮದ್ದಾಗಬೇಕಾದರೆ ಅದರ ಗುರುತು, ಶುದ್ಧಿ, ಪ್ರಮಾಣ ಗೊತ್ತಿರಬೇಕು, ರೋಗಿಯ ಮಿಜಾಜ್ ತಿಳಿದಿರಬೇಕು. ಕಪಾಟಿನ ಅಣಬೆಯಲ್ಲಿ ಇವು ಯಾವುವೂ ಇಲ್ಲ. ಒಂದೇ ಡಬ್ಬಿಯಲ್ಲಿ ಬೆಳೆದ ಎರಡು ಅಣಬೆಗಳಲ್ಲೂ ಸೈಲೋಸಿಬಿನ್ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ.

ಅವನು ಇನ್ನೊಂದು ಪ್ರಶ್ನೆ ಕೇಳಿದ: "ಅಣಬೆ ಬಗ್ಗೆ ಹದೀಸ್ ಇದೆಯಲ್ಲವೇ?" ಇದೆ. 'ಕಮ್‌ಅ' ಎಂಬುದು ಮನ್ನ್‌ಗೆ ಸೇರಿದ್ದು, ಅದರ ನೀರಿನಲ್ಲಿ ಕಣ್ಣಿಗೆ ಶಿಫಾ ಇದೆ ಎಂಬರ್ಥದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಆದರೆ ಕಮ್‌ಅ ಎಂದರೆ ಮಳೆಯ ನಂತರ ಅರಬ್ ಮರುಭೂಮಿಯ ಮಣ್ಣಿನೊಳಗೆ ಗೆಡ್ಡೆಯಂತೆ ಬೆಳೆಯುವ ಆಹಾರ. ಅಮಲಿನ ಅಣಬೆಗೂ ಅದಕ್ಕೂ ಸಂಬಂಧವಿಲ್ಲ. ಯಾವುದೋ ಅಣಬೆಯ ರಸವನ್ನು ಕಣ್ಣಿಗೆ ಬಿಡುವುದೂ ಅಪಾಯ, ಹಾಗೆ ಮಾಡಬೇಡಿ.

ಖಿನ್ನತೆಗೆ ಇದು ಮದ್ದಂತೆ, ನಿಜವೇ?

ವಿದೇಶಗಳಲ್ಲಿ ಸಂಶೋಧನೆ ನಡೆಯುತ್ತಿರುವುದು ನಿಜ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ, ಬೇರೆ ಔಷಧಿಗಳಿಗೆ ಬಗ್ಗದ ಖಿನ್ನತೆಗೆ ಸೈಲೋಸಿಬಿನ್ ಕೊಡಲು ಪರವಾನಗಿ ಪಡೆದ ಮನೋವೈದ್ಯರಿಗೆ ಅವಕಾಶವಿದೆ. ಆದರೆ ಅಲ್ಲಿ ಕೊಡುವುದು ಅಳೆದ ಶುದ್ಧ ಔಷಧಿ. ರೋಗಿಯನ್ನು ಮೊದಲು ಪರೀಕ್ಷಿಸುತ್ತಾರೆ. ಔಷಧಿ ಕೊಟ್ಟ ಮೇಲೆ ಗಂಟೆಗಟ್ಟಲೆ ಪಕ್ಕದಲ್ಲೇ ಕುಳಿತಿರುತ್ತಾರೆ. ಮುಖ್ಯವಾಗಿ, ಇಂಥ ಸಂಶೋಧನೆಗಳಲ್ಲಿ ಸ್ಕಿಜೋಫ್ರೇನಿಯಾದಂತಹ ತೀವ್ರ ಮನೋರೋಗ ಇದ್ದವರನ್ನು ಸೇರಿಸಿಕೊಳ್ಳುವುದಿಲ್ಲ, ಸಾಮಾನ್ಯವಾಗಿ ಹತ್ತಿರದ ರಕ್ತಸಂಬಂಧಿಗಳಿಗೆ ಅದು ಇದ್ದರೂ ಸೇರಿಸಿಕೊಳ್ಳುವುದಿಲ್ಲ. ಅಂಥವರಲ್ಲಿ ಈ ಪದಾರ್ಥ ಅಡಗಿರುವ ರೋಗವನ್ನು ಎಬ್ಬಿಸಬಹುದು ಎಂಬುದೇ ಕಾರಣ.

ನಾನು ಆ ತಾಯಿಯನ್ನು ಒಳಗೆ ಕರೆದು ಕೇಳಿದೆ: "ಆಪಾ, ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತೇ?"

ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲನೆ ಹೇಳಿದರು. ಹುಡುಗನ ಚಾಚಾನಿಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಿವಿಯಲ್ಲಿ ಮಾತು ಕೇಳಿಸಲು ಶುರುವಾಗಿತ್ತು. ಇವತ್ತಿಗೂ ಮಾತ್ರೆ ನಡೆಯುತ್ತಿದೆ. ಹೆಣ್ಣುಮಕ್ಕಳ ರಿಶ್ತಾ ತಪ್ಪಿಹೋಗಬಾರದೆಂದು ಎಲ್ಲರೂ ಮುಚ್ಚಿಟ್ಟಿದ್ದರು. ಮಕ್ಕಳಿಗೆ "ಚಾಚಾಗೆ ಜ್ವರ ತಲೆಗೇರಿತ್ತು" ಎಂದಷ್ಟೇ ಹೇಳಿದ್ದರು.

ಹುಡುಗ ಅಮ್ಮನ ಮುಖವನ್ನೇ ನೋಡುತ್ತಿದ್ದ. "ನನಗೆ ಯಾಕೆ ಹೇಳಲಿಲ್ಲ ಅಮ್ಮೀ?" ಎಂದ.

ಮುಚ್ಚಿಟ್ಟ ಕಾಯಿಲೆ

ಓದುಗರೇ, ನನ್ನ ಮಟ್ಟಿಗೆ ಈ ಲೇಖನದ ಮುಖ್ಯ ಮಾತು ಇದೇ. ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆ ಯಾರಿಗಿದೆ, ಬಿಪಿ ಯಾರಿಗಿದೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಮನಸ್ಸಿನ ಕಾಯಿಲೆಯನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ. ತನ್ನ ರಕ್ತದಲ್ಲಿ ಯಾವ ಅಪಾಯ ಇದೆಯೆಂದು ತಿಳಿಯದ ಹುಡುಗ, ಎಲ್ಲರಿಗೂ ಒಂದೇ ಎಂದುಕೊಂಡು ಅಣಬೆಯನ್ನೋ ಗಾಂಜಾವನ್ನೋ ಬಾಯಿಗಿಡುತ್ತಾನೆ. ಬುದ್ಧಿ ತಿಳಿದ ಮಕ್ಕಳಿಗೆ ಕುಟುಂಬದ ಆರೋಗ್ಯದ ಚರಿತ್ರೆಯನ್ನು ಪೂರ್ತಿ ಹೇಳಿ. ಚಾಚಾನ ಕಾಯಿಲೆ ಮಗನಿಗೆ ಬಂದೇ ಬರುತ್ತದೆ ಎಂದಲ್ಲ. ಎಚ್ಚರ ಬೇಕು ಎಂದಷ್ಟೇ.

ಮನಸ್ಸಿನ ರೋಗವನ್ನು ರೋಗವೆಂದು ಕಂಡ ಪರಂಪರೆ ನಮ್ಮದು. ಇಬ್ನ್ ಸೀನಾ ತಮ್ಮ 'ಅಲ್ ಖಾನೂನ್' ಗ್ರಂಥದಲ್ಲಿ ಮಾಲಿಖೂಲಿಯಾ ಬಗ್ಗೆ ವಿವರವಾಗಿ ಬರೆದಿದ್ದಾರೆ. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಬೀಮಾರಿಸ್ತಾನಿನಲ್ಲಿ ಮಾನಸಿಕ ರೋಗಿಗಳಿಗೆಂದೇ ಪ್ರತ್ಯೇಕ ವಿಭಾಗವಿತ್ತು. ಮನೋವೈದ್ಯರ ಬಳಿ ಹೋಗಲು ಇಂದು ನಾವು ನಾಚುವುದೇಕೆ? ಆ ಹುಡುಗನಿಗೆ ನಾನು ಖಮೀರಾ ಬರೆದುಕೊಟ್ಟು ಮನೆಗೆ ಕಳುಹಿಸಲಿಲ್ಲ. ಅದು ಖಮೀರಾದಿಂದ ವಾಸಿಯಾಗುವ ಸ್ಥಿತಿಯಲ್ಲ. ಮನೋವೈದ್ಯರಿಗೆ ಚೀಟಿ ಬರೆದೆ, ಮೊದಲ ದಿನ ಜೊತೆಗೇ ಹೋದೆ.

ಮನೆಯ ಗಾಳಿಗೂ ಕೆಡುಕು

ಮುಚ್ಚಿದ ಡಬ್ಬಿಯ ತೇವದಲ್ಲಿ ಅಣಬೆಯಷ್ಟೇ ಬೆಳೆಯುವುದಿಲ್ಲ. ಹಸಿರು, ಕಪ್ಪು ಬೂಸಲುಗಳೂ ಬೆಳೆಯುತ್ತವೆ. ಡಬ್ಬಿ ತೆರೆದಾಗ ಅವುಗಳ ಸೂಕ್ಷ್ಮ ಕಣಗಳು ಗಾಳಿಗೆ ಸೇರುತ್ತವೆ. ಮನೆಯಲ್ಲಿ ಅಸ್ತಮಾ ಇರುವ ಅಜ್ಜಿಯೋ ಕೂಸೋ ಇದ್ದರೆ ಉಸಿರಾಟದ ತೊಂದರೆ ಹೆಚ್ಚುತ್ತದೆ. ಅಡುಗೆ ಮನೆಗೆ ತಂದಿಟ್ಟರೆ ಗೊತ್ತಿಲ್ಲದೆ ಸಾರಿಗೆ ಬಿದ್ದರೂ ಬಿತ್ತು.

ಮನೆಯಲ್ಲಿ ಬೆಳೆದ ಅಣಬೆಯೆಲ್ಲ ಕೆಟ್ಟದ್ದೆಂದು ತಿಳಿಯಬೇಡಿ. ಭತ್ತದ ಹುಲ್ಲು ತುಂಬಿ ತೂಗುಹಾಕಿದ ಚೀಲದ ಪಕ್ಕದಿಂದ ಬೀಸಣಿಗೆಯಂತೆ ಮೂಡುವ ಚಿಪ್ಪು ಅಣಬೆ ಒಳ್ಳೆಯ ಆಹಾರ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅದರ ಬೀಜವೂ ತರಬೇತಿಯೂ ಸಿಗುತ್ತದೆ. ಆದರೆ ಅಮಲಿಗಾಗಿ ಗದ್ದೆಯಲ್ಲಿ, ಸಗಣಿಯ ಮೇಲೆ ಅಣಬೆ ಹುಡುಕುವವರು ಜೀವವನ್ನೇ ಪಣಕ್ಕಿಡುತ್ತಾರೆ. ಕೆಲವು ವಿಷದ ಅಣಬೆಗಳು ತಿಂದ ಆರರಿಂದ ಹನ್ನೆರಡು ಗಂಟೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ನಂತರ ವಾಂತಿ, ಭೇದಿ. ಆಮೇಲೆ ಗುಣವಾದಂತೆ ತೋರುತ್ತದೆ, ಅಷ್ಟರಲ್ಲಿ ಯಕೃತ್ತು ಸುಟ್ಟುಹೋಗುತ್ತಿರುತ್ತದೆ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಕಾನೂನು ಮತ್ತು ದೀನ್

1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಸೈಲೋಸಿಬಿನ್ ಇದೆ. ಪ್ರಮಾಣ ಅಲ್ಪವಾದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ 10 ವರ್ಷ. 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ, ಅಣಬೆಯ ಇಡೀ ತೂಕವನ್ನಲ್ಲ, ಅದರಲ್ಲಿರುವ ಸೈಲೋಸಿಬಿನ್ ಪ್ರಮಾಣವನ್ನು ನೋಡಬೇಕೆಂದು ಹೇಳಿತು. ಇದನ್ನೇ ಹಿಡಿದು "ಅಣಬೆ ಕಾನೂನುಬದ್ಧ" ಎನ್ನುವವರನ್ನು ನಂಬಬೇಡಿ. ಕಾಯ್ದೆಯ 25ನೇ ಕಲಮಿನ ಪ್ರಕಾರ, ಇಂಥ ಅಪರಾಧಕ್ಕೆ ಮನೆಯನ್ನು ಬಳಸಲು ತಿಳಿದೂ ಬಿಟ್ಟ ಮನೆಯವರಿಗೂ ಅದೇ ಶಿಕ್ಷೆ. ಅದೇ ಕಾಯ್ದೆಯ 64ಎ ಕಲಮು, ಅಮಲಿನ ಚಟಕ್ಕೆ ಬಿದ್ದು ಅಲ್ಪ ಪ್ರಮಾಣದ ಆರೋಪ ಎದುರಿಸುವವರು ತಾವಾಗಿ ಚಿಕಿತ್ಸೆಗೆ ಮುಂದೆ ಬಂದರೆ ರಕ್ಷಣೆಯನ್ನೂ ಕೊಡುತ್ತದೆ.

ದೀನ್‌ನ ಮಾತು ನಿಮಗೆ ಗೊತ್ತಿರುವುದೇ. ಅಮಲೇರಿಸುವುದೆಲ್ಲ ಖಮ್ರ್‌ಗೆ ಸೇರಿದ್ದು ಎಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಶರೀಅತ್ ಕಾಪಾಡುವ ಐದು ಸಂಗತಿಗಳಲ್ಲಿ ಬುದ್ಧಿಯೂ ಒಂದು. ಇದನ್ನು ಮಕ್ಕಳಿಗೆ ಹೇಳಿ. ಆದರೆ ಫತ್ವಾ ಹೇಳಿ ಎದ್ದುಹೋಗಬೇಡಿ. ಬುದ್ಧಿಯನ್ನು ಕಾಪಾಡುವುದರಲ್ಲಿ ಮಗನ ನಿದ್ದೆಗೆಟ್ಟ ರಾತ್ರಿಗಳನ್ನು ವಿಚಾರಿಸುವುದೂ ಸೇರಿದೆ.

ನಿಮ್ಮ ಮನೆಯಲ್ಲಿ ಕಂಡರೆ

* ಕೂಗಾಡಬೇಡಿ, ಹೊಡೆಯಬೇಡಿ, ನೆಂಟರಿಗೆ ಫೋನ್ ಮಾಡಬೇಡಿ. ಮೊದಲು "ತಿಂದಿದ್ದೀಯಾ? ಯಾವಾಗ?" ಎಂದು ಕೇಳಿ.
* ತಿಂದು ಗಾಬರಿಯಲ್ಲಿದ್ದರೆ ಒಂಟಿಯಾಗಿ ಬಿಡಬೇಡಿ. ಮಂದ ಬೆಳಕು, ಮೆಲುದನಿ ಇರಲಿ. ಮಹಡಿ, ಬಾವಿ, ಬೈಕಿನ ಕೀಲಿಯಿಂದ ದೂರವಿಡಿ.
* ವಾಂತಿ, ಫಿಟ್ಸ್, ಪ್ರಜ್ಞೆ ತಪ್ಪುವುದು, ಹಿಂಸಾಚಾರ ಕಂಡರೆ 108ಕ್ಕೆ ಕರೆ ಮಾಡಿ. ಉಳಿದ ಅಣಬೆಯ ತುಂಡನ್ನು ವೈದ್ಯರಿಗೆ ತೋರಿಸಲು ಒಯ್ಯಿರಿ. ಏನನ್ನೂ ಮುಚ್ಚಿಡಬೇಡಿ.
* ಮನೋರೋಗದ ಮಾತ್ರೆ, ವಿಶೇಷವಾಗಿ ಲಿಥಿಯಂ ತೆಗೆದುಕೊಳ್ಳುವವರು ತಿಂದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.
* ಭಯ, ಸಂಶಯ, ನಿದ್ದೆಗೇಡು ಮುಂದುವರಿದರೆ ಮನೋವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ 14416 ಉಚಿತ. ಅಮಲಿನ ಚಟಕ್ಕೆ ಸಹಾಯವಾಣಿ 14446.
* ಡಬ್ಬಿ ಮನೆಯಲ್ಲಿ ಉಳಿಯಬಾರದು. ಬಾಯಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಿರಿ, ಕಪಾಟು ತೊಳೆದು ಬಿಸಿಲು ಗಾಳಿ ಆಡಲು ಬಿಡಿ.

ಆ ಹುಡುಗ ಈಗ ಔಷಧಿಯಲ್ಲಿದ್ದಾನೆ. ನಿದ್ದೆ ಬರುತ್ತಿದೆ. ಬಾಕಿ ಉಳಿದ ಎರಡು ವಿಷಯಗಳಲ್ಲಿ ಒಂದನ್ನು ಪಾಸು ಮಾಡಿದ. ಮೊನ್ನೆ ಬಂದಾಗ ಅವನ ತಾಯಿ ಹೇಳಿದರು: "ಈಗ ಅವನೇ ಚಾಚಾನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗ್ತಾನೆ ಸಾಬ್. ಇಬ್ಬರೂ ಒಂದೇ ದಿನ ಹೋಗ್ತಾರೆ."

ಅಲ್ಲಾಹನು ನಮ್ಮ ಮಕ್ಕಳ ಬುದ್ಧಿಯನ್ನೂ ಆರೋಗ್ಯವನ್ನೂ ಕಾಪಾಡಲಿ. ಆಮೀನ್.