ಬಳಸುವವಳನ್ನು ಕೇಳಿದ್ದೀರಾ?

ಕುಕ್ಕರ್ ಕೊಳ್ಳುವಾಗ ಐಎಸ್‌ಐ ಗುರುತು ನೋಡುತ್ತೇವೆ. ಮಗಳು ಪ್ರತಿ ತಿಂಗಳು ಬಳಸುವ ಪ್ಯಾಡಿನ ಪೊಟ್ಟಣವನ್ನು ತಿರುಗಿಸಿ ನೋಡುವವರೆಷ್ಟು ಮಂದಿ? 2022ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಪರೀಕ್ಷಿಸಿದ ಹತ್ತೂ ಪ್ಯಾಡ್‌ಗಳಲ್ಲಿ ಥಾಲೇಟ್‌ಗಳು ಕಂಡುಬಂದವು. ಇವು ಹಾರ್ಮೋನುಗಳ ಮೇಲೆ ಪರಿಣಾಮ ಬೀರಬಲ್ಲ ರಾಸಾಯನಿಕಗಳು.

ಅದೇ ವರ್ಷ ರಾಜ್ಯ ಸರಕಾರವು ಪ್ಯಾಡಿಗೆ ಬದಲಾಗಿ ಮುಟ್ಟಿನ ಕಪ್ ನೀಡುವ 'ಮೈತ್ರಿ' ಯೋಜನೆಯನ್ನು ದಕ್ಷಿಣ ಕನ್ನಡದಲ್ಲೂ ಕಾಮಗೆರೆ ಇರುವ ನಮ್ಮ ಚಾಮರಾಜನಗರ ಜಿಲ್ಲೆಯಲ್ಲೂ ಪ್ರಾಯೋಗಿಕವಾಗಿ ಆರಂಭಿಸಿತು. ಸಿಲಿಕೋನ್ ಕಪ್ ವರ್ಷಗಟ್ಟಲೆ ಬಾಳುತ್ತದೆ, ಕಸವೂ ಕಡಿಮೆ. ಆದರೆ ಅದಕ್ಕೆ ಶುದ್ಧ ನೀರು, ಕುದಿಸಲು ಪ್ರತ್ಯೇಕ ಪಾತ್ರೆ, ಚಿಲಕವಿರುವ ಶೌಚಾಲಯ ಬೇಕು. ಒಂದೇ ಒಲೆಯ ಮನೆಯಲ್ಲಿ ಎಲ್ಲರೆದುರು ಅದನ್ನು ಕುದಿಸಲು ಯಾವ ಹುಡುಗಿಗೆ ಧೈರ್ಯ ಬಂದೀತು?

ವಸ್ತು ಎಷ್ಟೇ ಒಳ್ಳೆಯದಿರಲಿ, ಬಳಸುವವಳನ್ನು ಕೇಳದೆ ಕೊಟ್ಟರೆ ಅದು ಟ್ರಂಕಿನ ತಳ ಸೇರುತ್ತದೆ. ಕೇಳಬೇಕಾದ ಪ್ರಶ್ನೆಗಳು ಸರಳ: ಮನೆಯಲ್ಲಿ ನೀರಿದೆಯೇ? ಮರೆಯಿದೆಯೇ? ಬಳಸುವ ಕ್ರಮ ಕನ್ನಡದಲ್ಲಿ, ಚಿತ್ರಸಹಿತ ಇದೆಯೇ? ತುರಿಕೆ, ಉರಿ ಬಂದರೆ ಯಾರಿಗೆ ಹೇಳಬೇಕು?

ಈ ನಾಲ್ಕು ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆಯೂ ಕೇಳಲಿ, ತಾಯಿಯೂ ಕೇಳಲಿ. ತೊಂದರೆಯಿದ್ದರೆ ಮುಚ್ಚಿಡದೆ ವೈದ್ಯೆಯ ಬಳಿಗೆ ಕರೆದೊಯ್ಯಿರಿ. ಲಜ್ಜೆ ಒಳ್ಳೆಯ ಗುಣವೇ. ಆದರೆ ಅದು ಮಗಳ ನೋವಿನ ಬಾಯಿ ಕಟ್ಟಬಾರದು.