ಗೋಧಿಯ ತುಕ್ಕು ಮತ್ತು ಕಾಡಿಗೆ ರೋಗ: ಮಿತವ್ಯಯದ ಶಿಲೀಂಧ್ರನಾಶಕ ಬಳಕೆ

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಹಾಗೂ ಗದಗ ಜಿಲ್ಲೆಗಳಲ್ಲಿ ಹಿಂಗಾರು ಗೋಧಿಯನ್ನು ಬಾಧಿಸುವ ರೋಗಗಳಲ್ಲಿ ತುಕ್ಕು ರೋಗವು ಪ್ರಮುಖವಾದುದು. ಎಲೆಗಳ ಮೇಲೆ ಅರಿಶಿನದಂತಹ ಪುಡಿ ಕಾಣಿಸುವುದರಿಂದ ಇದಕ್ಕೆ ಭಂಡಾರ ರೋಗವೆಂಬ ಹೆಸರೂ ಉಂಟು. ರೋಗದ ಸ್ವರೂಪ ಹಾಗೂ ಬೆಳೆಯ ಹಂತವನ್ನು ಅರಿಯದೆ ಕೈಗೊಂಡ ಸಿಂಪಡಣೆಯು ಖರ್ಚನ್ನು ಹೆಚ್ಚಿಸುತ್ತದೆಯೇ ಹೊರತು ಇಳುವರಿಯನ್ನಲ್ಲ.

ಬಿತ್ತನೆಗೆ ಮುನ್ನ: ಕಾಡಿಗೆ ರೋಗದ ಶಿಲೀಂಧ್ರವು ಬೀಜದ ಒಳಗೇ ಅಡಗಿರುತ್ತದೆ. ತೆನೆ ಕಪ್ಪಾದ ಬಳಿಕ ಯಾವ ಸಿಂಪಡಣೆಯೂ ಫಲಿಸದು. ಪ್ರತಿ ಕಿ.ಗ್ರಾಂ. ಬೀಜಕ್ಕೆ ಶೇ. 75ರ ಕಾರ್ಬಾಕ್ಸಿನ್ ಪುಡಿಯನ್ನು 2ರಿಂದ 2.5 ಗ್ರಾಂನಂತೆ ಲೇಪಿಸುವುದೇ ಅಲ್ಪ ವೆಚ್ಚದ ಪರಿಹಾರ. ಡಿ.ಡಿ.ಕೆ. 1025 ಹಾಗೂ ಡಿ.ಡಿ.ಕೆ. 1029ರಂತಹ ತುಕ್ಕು ನಿರೋಧಕ ಜವೆ ಗೋಧಿ ತಳಿಗಳನ್ನು ಬಿತ್ತಿದಲ್ಲಿ ಸಿಂಪಡಣೆಯ ಅಗತ್ಯವೇ ಕಡಿಮೆಯಾಗುತ್ತದೆ.

ಸಿಂಪಡಣೆಯ ಸಮಯ: ಕಾಳಿಗೆ ಬೇಕಾದ ಆಹಾರದ ಬಹುಪಾಲು ತೆನೆಗೆ ಹತ್ತಿರವಿರುವ ಮೇಲಿನ ಎಲೆಗಳಿಂದ ದೊರೆಯುತ್ತದೆ. ಶಿಲೀಂಧ್ರನಾಶಕವು ಈ ಎಲೆಗಳನ್ನು ರಕ್ಷಿಸಬಲ್ಲದು. ಒಣಗಿದ ಎಲೆಗೆ ಮರುಜೀವ ನೀಡಲಾರದು. ಆದುದರಿಂದ ವಾರಕ್ಕೆರಡು ಬಾರಿ ಹೊಲವನ್ನು ಪರಿಶೀಲಿಸಿ, ಕೆಳಗಿನ ಎಲೆಗಳಲ್ಲಿ ಮೊದಲ ಚುಕ್ಕೆಗಳು ಕಂಡ ಕೂಡಲೇ ಶೇ. 25ರ ಪ್ರೊಪಿಕೊನಜೋಲ್ ಇ.ಸಿ.ಯನ್ನು ಪ್ರತಿ ಲೀಟರ್ ನೀರಿಗೆ 1 ಮಿ.ಲೀ.ನಂತೆ ಬೆರೆಸಿ ಸಿಂಪಡಿಸುವುದು ಸೂಕ್ತ. ಎಕರೆಗೆ 200 ಲೀಟರ್ ದ್ರಾವಣ, ಅಂದರೆ 200 ಮಿ.ಲೀ. ಔಷಧಿ ಸಾಕು. 15 ದಿನಗಳ ನಂತರ ರೋಗವು ಹೊಸ ಎಲೆಗಳಿಗೆ ಹಬ್ಬುತ್ತಿದ್ದಲ್ಲಿ ಮಾತ್ರ ಎರಡನೆಯ ಸಿಂಪಡಣೆ ಅಗತ್ಯ. ಕಾಳು ಗಟ್ಟಿಯಾದ ಮೇಲೆ ಸಿಂಪಡಿಸುವುದು ವ್ಯರ್ಥ.

ಲೆಕ್ಕಾಚಾರ: ಔಷಧಿ ಹಾಗೂ ಕೂಲಿಯ ಒಟ್ಟು ವೆಚ್ಚವನ್ನು ಗೋಧಿಯ ಕ್ವಿಂಟಲ್ ದರದಿಂದ ಭಾಗಿಸಿದರೆ, ಎಷ್ಟು ಕ್ವಿಂಟಲ್ ಬೆಳೆ ಉಳಿದರೆ ಹಾಕಿದ ಹಣ ಮರಳುವುದೆಂದು ತಿಳಿಯುತ್ತದೆ. ಉದಾಹರಣೆಗೆ, ಎಕರೆಗೆ 1,200 ರೂ. ವೆಚ್ಚವಾಗಿ, ದರವು 2025–26ರ ಮಾರಾಟ ಹಂಗಾಮಿನ ಬೆಂಬಲ ಬೆಲೆಯಾದ 2,425 ರೂ. ಇದ್ದಲ್ಲಿ, ಸುಮಾರು ಅರ್ಧ ಕ್ವಿಂಟಲ್ ಉಳಿಯಲೇಬೇಕು. ನೀರಾವರಿಯ ಉತ್ತಮ ಬೆಳೆಯಲ್ಲಿ ರೋಗವು ಬೇಗ ಕಾಣಿಸಿಕೊಂಡಾಗ ಇದು ಸಾಧ್ಯ. ಮಳೆಯಾಶ್ರಿತ ತೆಳು ಬೆಳೆಯಲ್ಲಿ ಅಥವಾ ಕೊಯ್ಲು ಸಮೀಪಿಸಿದಾಗ ಕಷ್ಟ.

ಯೂರಿಯಾದ ಅತಿಬಳಕೆಯು ರೋಗಕ್ಕೆ ಅನುಕೂಲವಾಗುವುದರಿಂದ ಶಿಫಾರಸಿನ ಪ್ರಮಾಣವನ್ನು ಮೀರಬಾರದು. ಔಷಧಿ ಖರೀದಿಸುವಾಗ ರಸೀದಿ ಪಡೆದು, ಸಿಂಪಡಣೆಯ ವೇಳೆ ಕೈಗವಸು ಮತ್ತು ಮುಖಗವಸು ಧರಿಸಿ, ಸಿಂಪಡಣೆ ಹಾಗೂ ಕೊಯ್ಲಿನ ನಡುವೆ ಲೇಬಲ್‌ನಲ್ಲಿ ಸೂಚಿಸಿದಷ್ಟು ದಿನಗಳ ಅಂತರ ಕಾಯ್ದುಕೊಳ್ಳತಕ್ಕದ್ದು. ರೋಗದ ಬಗ್ಗೆ ಸಂದೇಹವಿದ್ದಲ್ಲಿ, ಹಣ ವ್ಯಯಿಸುವ ಮೊದಲು ಬಾಧಿತ ಎಲೆಯೊಂದಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಲು ರೈತ ಬಾಂಧವರಲ್ಲಿ ಕೋರಲಾಗಿದೆ.