ಮಂಗನಬಾವು: ರಕ್ತಕ್ಕಿಂತ ಮೊದಲು ಕೆನ್ನೆಯೊಳಗಿನ ಸ್ವ್ಯಾಬ್

"ಮಂಗನಬಾವು ನೋಡಿದರೇ ಗೊತ್ತಾಗುತ್ತದೆ, ಅದಕ್ಕೆ ಪರೀಕ್ಷೆ ಯಾಕೆ?" ಊರಲ್ಲಿ ಹತ್ತಾರು ಮಕ್ಕಳಿಗೆ ಒಟ್ಟಿಗೇ ಬಂದಾಗ ಈ ಮಾತು ನಡೆದೀತು. ಒಂದೇ ಮಗುವಿಗೆ ಕಿವಿಯ ಕೆಳಗೆ ಬಾವು ಬಂದಾಗ ನಡೆಯದು. ಇನ್‌ಫ್ಲುಯೆಂಜಾ, ಪ್ಯಾರಾಇನ್‌ಫ್ಲುಯೆಂಜಾ, ಎಪ್‌ಸ್ಟೀನ್-ಬಾರ್ ವೈರಾಣುಗಳಿಂದಲೂ, ಜೊಲ್ಲಿನ ನಾಳದಲ್ಲಿ ಕಲ್ಲು ಸಿಕ್ಕಿದರೂ ಅದೇ ಗ್ರಂಥಿ ಊದಿಕೊಳ್ಳುತ್ತದೆ.

"ಹಾಗಾದರೆ ರಕ್ತ ಕೊಟ್ಟರಾಯಿತು" ಎಂಬುದು ಇನ್ನೊಂದು ನಂಬಿಕೆ. ರಕ್ತದಲ್ಲಿ ಹುಡುಕುವುದು ವೈರಾಣುವನ್ನಲ್ಲ, ದೇಹ ಅದರ ವಿರುದ್ಧ ಹುಟ್ಟಿಸುವ ಐಜಿಎಂ ಪ್ರತಿಕಾಯವನ್ನು. ಬಾವು ಕಂಡ ಮೊದಲ ದಿನಗಳಲ್ಲಿ ಅದು ಸಿಗದಿರಬಹುದು. ಎಂಎಂಆರ್ ಲಸಿಕೆ ಪಡೆದವರಲ್ಲಿ ಕಡೆಯವರೆಗೂ ಸಿಗದಿರಬಹುದು. ವೈರಾಣುವೇ ಬೇಕೆಂದರೆ ಕೆನ್ನೆಯ ಒಳಗೆ ಹುಡುಕಬೇಕು. ಕಿವಿಯ ಮುಂದಿರುವ ಜೊಲ್ಲು ಗ್ರಂಥಿಯ ನಾಳ ಬಾಯಿಗೆ ತೆರೆದುಕೊಳ್ಳುವುದು ಮೇಲ್ದವಡೆಯ ಎರಡನೇ ದವಡೆಹಲ್ಲಿನ ಎದುರು. ಗ್ರಂಥಿಯನ್ನು ಹೊರಗಿನಿಂದ ಸುಮಾರು 30 ಸೆಕೆಂಡು ಮೆಲ್ಲಗೆ ನೀವಿ, ಜೊಲ್ಲು ಇಳಿಯುವಂತೆ ಮಾಡಿ, ಆ ಜಾಗವನ್ನು ಸ್ವ್ಯಾಬ್‌ನಿಂದ ಒರೆಸಬೇಕು. ಈ ಅರ್ಧ ನಿಮಿಷ ತಪ್ಪಿದರೆ ಕಡ್ಡಿಗೆ ಅಂಟುವ ವೈರಾಣು ತೀರಾ ಕಡಿಮೆಯಾಗಬಹುದು. ಬಾವು ಬಂದ 3 ದಿನದೊಳಗಿನ ಮಾದರಿಯೇ ಉತ್ತಮ. "ಅರಿಶಿನ ಹಚ್ಚಿ ನಾಲ್ಕು ದಿನ ನೋಡೋಣ" ಎಂದು ಕಾಯುವಾಗ ಕಳೆದುಹೋಗುವುದು ಈ ದಿನಗಳೇ.

ಹತ್ತಿ ಸುತ್ತಿದ ಮರದ ಕಡ್ಡಿ ಸಾಲದು. ಅದರಲ್ಲಿನ ಪದಾರ್ಥಗಳು ವೈರಾಣುವಿನ ಆನುವಂಶಿಕ ವಸ್ತುವನ್ನು ಹುಡುಕುವ ಪಿಸಿಆರ್ ಪರೀಕ್ಷೆಗೇ ಅಡ್ಡಿಯಾಗಬಲ್ಲವು. ಪಾಲಿಯೆಸ್ಟರ್ ತುದಿಯ ಪ್ಲಾಸ್ಟಿಕ್ ಕಡ್ಡಿ ಬೇಕು. ಅದನ್ನು ಒಣಗಲು ಬಿಡದೆ ವಿಟಿಎಂ ಎಂಬ, ವೈರಾಣು ಮಾದರಿ ಸಾಗಿಸುವ ದ್ರವದಲ್ಲಿ ಮುಳುಗಿಸಬೇಕು.

ಎಲ್ಲಕ್ಕಿಂತ ಹಾನಿ ಮಾಡುವ ತಪ್ಪು ತಿಳಿವಳಿಕೆ "ಫ್ರೀಜರ್‌ನಲ್ಲಿಟ್ಟರೆ ಇನ್ನೂ ಭದ್ರ" ಎಂಬುದು. ಮಾದರಿ 24 ಗಂಟೆಯೊಳಗೆ ಲ್ಯಾಬ್ ಸೇರುವುದಾದರೆ ಅದಕ್ಕೆ ಬೇಕಾದದ್ದು ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪು, ಸುತ್ತ ಐಸ್ ಪ್ಯಾಕ್. ತಡವಾಗುವುದಾದರೆ ಮೈನಸ್ 70 ಡಿಗ್ರಿಯಲ್ಲಿಟ್ಟು ಡ್ರೈ ಐಸ್‌ನಲ್ಲಿ ಕಳಿಸಬೇಕು. ಸಾಮಾನ್ಯ ಫ್ರಿಜ್ಜಿನ ಫ್ರೀಜರ್ ಈ ಎರಡಕ್ಕೂ ಸಲ್ಲದು. ನಿಧಾನವಾಗಿ ಹೆಪ್ಪುಗಟ್ಟಿ, ದಾರಿಯಲ್ಲಿ ಕರಗಿ, ಮತ್ತೆ ಗಟ್ಟಿಯಾದರೆ ವೈರಾಣು ನಾಶವಾಗುತ್ತದೆ. ರಕ್ತದ ನಳಿಕೆಯನ್ನಂತೂ ಹಾಗೇ ಹೆಪ್ಪುಗಟ್ಟಿಸಲೇಬಾರದು, ರಕ್ತಕಣಗಳು ಒಡೆದು ಮಾದರಿ ಕೆಡುತ್ತದೆ. ಮೊದಲು ರಕ್ತದ ತಿಳಿ ದ್ರವವಾದ ಸೀರಂ ಬೇರ್ಪಡಿಸಬೇಕು.

ಒಂದು ಸ್ವ್ಯಾಬ್ ಎಷ್ಟು ಬೆಲೆಬಾಳಬಹುದು ಎಂಬುದಕ್ಕೆ ಅಮೆರಿಕದ ಲಸಿಕೆ ವಿಜ್ಞಾನಿ ಮಾರಿಸ್ ಹಿಲ್ಲೆಮನ್ ಅವರ ಕಥೆಯಿದೆ. 1963ರಲ್ಲಿ ಮಗಳು ಜೆರಿಲ್ ಲಿನ್‌ಗೆ ಮಂಗನಬಾವು ಬಂದಾಗ ಅವಳ ಗಂಟಲಿನಿಂದ ಅವರೇ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಒಯ್ದರು. ಆ ವೈರಾಣುವನ್ನು ದುರ್ಬಲಗೊಳಿಸಿ ರೂಪಿಸಿದ ಲಸಿಕೆಗೆ 1967ರಲ್ಲಿ ಪರವಾನಗಿ ದೊರೆಯಿತು. ಇಂದಿಗೂ ಆ ತಳಿಗೆ ಮಗಳದೇ ಹೆಸರು.

"ವರದಿ ನೆಗೆಟಿವ್, ಹಾಗಾದರೆ ಮಂಗನಬಾವಲ್ಲ" ಎನ್ನುವುದೂ ಅವಸರದ ಮಾತು. ಲಕ್ಷಣಗಳು ಹೊಂದುತ್ತಿದ್ದರೆ ನೆಗೆಟಿವ್ ವರದಿಯೊಂದೇ ರೋಗವನ್ನು ತಳ್ಳಿಹಾಕದು. ಮಾದರಿ ತಡವಾಗಿತ್ತೇ, ತಂಪು ತಪ್ಪಿತ್ತೇ ಎಂದು ವೈದ್ಯರು ನೋಡಬೇಕಾಗುತ್ತದೆ. ಹಾಗಾಗಿ ವರದಿ ನೆಗೆಟಿವ್ ಇದ್ದರೂ ಮಗುವನ್ನು ಬಾವು ಬಂದಂದಿನಿಂದ 5 ದಿನ ಶಾಲೆಗೆ ಕಳಿಸದಿರುವುದೇ ಒಳಿತು.

ಮಾದರಿಯ ಜತೆ ಹೋಗುವ ಫಾರಂನಲ್ಲಿ "ಲಸಿಕೆ ಆಗಿದೆ" ಎಂದಷ್ಟೇ ಬರೆಸಬೇಡಿ. ಎಂಆರ್ ಲಸಿಕೆ ದಡಾರ, ರುಬೆಲ್ಲಾಗಳಿಗೆ ಮಾತ್ರ, ಮಂಗನಬಾವಿನ ಲಸಿಕೆ ಇರುವುದು ಎಂಎಂಆರ್‌ನಲ್ಲಿ. ಯಾವುದು, ಯಾವಾಗ ಹಾಕಿಸಿದ್ದು, ಬಾವು ಕಂಡದ್ದು ಯಾವ ತಾರೀಕು ಎಂಬುದನ್ನು ತಾಯಿ ಕಾರ್ಡ್ ನೋಡಿಯೇ ತುಂಬಿಸಿ.